ಟಿನ್ ಫ್ಯಾಕ್ಟರಿಯಿಂದ ಮಿಸ್ಡ್ ಕಾಲ್

ನಂಬೋದು ಬಿಡೋದು ನಿನಗೆ ಬಿಟ್ಟಿದ್ದು. ಆಗಿದ್ದು ನಮ್ಮ ದೊಡ್ಡಪ್ಪನ ಮಗ ಮುನಿರಾಜನಿಗೆ. ಬೇರೆ ಯಾರಾದ್ರೂ ಹೇಳಿದ್ರೆ ನಾನೂ ನಗ್ತಿದ್ದೆ. ಅವನು ದೆವ್ವಕ್ಕೆ ಹೆದರೋ ಆಸಾಮಿಯಲ್ಲ. ಡಿಪ್ಲೊಮಾ ಅರ್ಧಕ್ಕೆ ಬಿಟ್ಟರೂ ಬೀದಿಯ ಮಿಕ್ಸಿ, ಫ್ಯಾನು ಎಲ್ಲ ಬಿಚ್ಚಿ ನೋಡೋ ಚಾಳಿ. ಮತ್ತೆ ಸರಿಯಾಗಿ ಜೋಡಿಸ್ತಾನಾ ಅನ್ನೋದು ಬೇರೆ ಮಾತು.

ಬೈಯಪ್ಪನಹಳ್ಳಿಯ ನಮ್ಮ ಹಳೇ ತೋಟದಲ್ಲಿ ಈಗ ಅವನ ಬಾಡಿಗೆ ರೂಮುಗಳಿವೆ. ತೋಟದ ಬಾವಿ ಮಾತ್ರ ಹಾಗೇ ಇದೆ, ಮೇಲೆ ಚಪ್ಪಡಿ ಮುಚ್ಚಿದ್ದಾರೆ. ಒಂದು ರಾತ್ರಿ ನೆಂಟರ ಮನೆಯಿಂದ ತಡವಾಗಿ ನಡ್ಕೊಂಡು ಬರ್ತಿದ್ದ. ಬಾವಿ ದಾಟಬೇಕು... ಆಗ ಕೇಳಿಸ್ತು.

ಟಿಟ್ಟಿಟ್... ಟಿಟ್ಟಿಟ್... ಟಿಟ್ಟಿಟ್... ಜರ್ರ್.

ಬಾಡಿಗೆಗಿದ್ದ ಶೇಷಮ್ಮನ ರೂಮಿನ ರೇಡಿಯೋ. ಫೋನ್ ರಿಂಗಾಗೋ ಮುಂಚೆ ಪಕ್ಕದ ರೇಡಿಯೋ ಹೀಗೇ ಬಡ್ಕೊಳ್ಳುತ್ತಲ್ಲ, ಅದೇ ಸದ್ದು. ಆಮೇಲೆ ಫೋನ್ ರಿಂಗಾಗಬೇಕು. ಇವನು ಕಾದ. ಆಗಲಿಲ್ಲ. ಒಳಗಿಂದ ರೊಟ್ಟಿ ಬಡಿಯೋ ಸದ್ದು ಬಂತು... ತಪ್, ತಪ್, ತಪ್. ಮುನಿರಾಜ ಚಳಿಯಲ್ಲೂ ಬೆವೆತುಬಿಟ್ಟ.

ಯಾಕೆ ಅಂತ ಹೇಳ್ತೀನಿ ಕೇಳು. ಶೇಷಮ್ಮ ರಾಯಚೂರು ಕಡೆಯವಳು. ಇದ್ದವನು ಒಬ್ಬನೇ ಮಗ, ಬಸು. ಗೋಡೌನಲ್ಲಿ ಲೋಡಿಂಗ್ ಕೆಲಸ. ಕೆಲಸ ಮುಗಿಸಿ ಟಿನ್ ಫ್ಯಾಕ್ಟರಿ ಸ್ಟಾಪಲ್ಲಿ ಬಸ್ ಹತ್ತುವಾಗ ಅಮ್ಮನಿಗೊಂದು ಮಿಸ್ಡ್ ಕಾಲ್ ಕೊಡ್ತಿದ್ದ. ಎತ್ತಬಾರದು. "ಹೊರಟೆ, ಹೆಂಚು ಇಡು" ಅಂತ ಅರ್ಥ. ಅವಳ ಹಳೇ ಬಟನ್ ಫೋನು ರೇಡಿಯೋ ಪಕ್ಕದಲ್ಲೇ ಇರ್ತಿತ್ತು. ರಿಂಗಾಗೋಕೆ ಮುಂಚೆ ರೇಡಿಯೋ ಟಿಟ್ಟಿಟ್ ಅಂದ್ರೆ ಸಾಕು, ಹಿಟ್ಟಿಗೆ ಕೈ ಹಾಕೋಳು. ಮಗ ಬಾಗಿಲಿಗೆ ಬರೋದಕ್ಕೂ ಬಿಸಿ ರೊಟ್ಟಿ ತಟ್ಟೆಗೆ ಬೀಳೋದಕ್ಕೂ ಸರಿಹೋಗ್ತಿತ್ತು.

ಒಂದು ದಿನ ಫೋನು ತುಂಬಾ ಹೊತ್ತು ಬಡ್ಕೊಂಡಿತು. ಶೇಷಮ್ಮ "ಇವತ್ ಹುಡುಗಗ ಭಾಳ ಹಸಿವಿ ಆಗೇದ" ಅಂತ ನಕ್ಕಳು. ಎತ್ತಲಿಲ್ಲ. ರೊಟ್ಟಿ ಬಡಿದಳು... ರಸ್ತೆ ದಾಟುವಾಗ ಲಾರಿ ಗುದ್ದಿ ಬಿದ್ದಿದ್ದ ಬಸು. ಜನ ಸೇರುವಾಗ ಜೀವ ಹೋಗಿತ್ತು, ಫೋನು ಅವನ ಕಿವಿ ಹತ್ರಾನೇ ಇತ್ತಂತೆ.



ತಿಥಿ ಆದಮೇಲೆ ಆ ಟಿಟ್ಟಿಟ್ ದಿನಾ ರಾತ್ರಿ ಶುರುವಾಯ್ತು. ರಿಂಗಿಲ್ಲ, ಬರೀ ಸದ್ದು. ಅವಳು ರೊಟ್ಟಿ ಬಡಿಯೋದು, ಬಾಗಿಲಲ್ಲಿ ಕೂರೋದು. ಅನ್ನ ನಿದ್ದೆ ಎರಡೂ ಬಿಟ್ಟಳು. ಮುನಿರಾಜನ ಹೆಂಡತಿ ದಿವ್ಯ ಬೈದಳು: "ಹೆಂಗಸು ಸತ್ತೋಗ್ತಾಳೆ ಕಣ್ರೀ. ಊರೋರ ಮಿಕ್ಸಿ ಬಿಚ್ಚೋರು, ಇದಕ್ಕೇನಾದ್ರೂ ಮಾಡಿ."

ಇವನು ಮಾರನೇ ರಾತ್ರಿನೇ ಹೋಗಿ ಕೂತ. "ಶೇಷಮ್ಮೋರೇ, ಅದು ಬಸು ಅಲ್ಲ. ಬೀದಿಲಿ ಎಲ್ಇಡಿ ಹಾಕಿದ್ದಾರೆ, ಎಲ್ಲಾ ರೂಮಲ್ಲೂ ಡೂಪ್ಲಿಕೇಟ್ ಚಾರ್ಜರು. ಅದಕ್ಕೇ ರೇಡಿಯೋ ಒದ್ದಾಡ್ತಿದೆ. ಎಲ್ಲಾ ಆಫ್ ಮಾಡಿಸಿ ತೋರಿಸ್ತೀನಿ."

ಅವಳು ಮೆಲ್ಲಗೆ ಕೇಳಿದಳು: "ಎಲ್ಲಾ ಬಂದ್ ಮಾಡಿದ ಮ್ಯಾಲೂ ಬಂದ್ರ?"

ಮುನಿರಾಜ ಎದ್ದ.

ರೂಮಿನವರಿಗೆಲ್ಲ ಹೇಳಿ ಫೋನು ಆಫ್ ಮಾಡಿಸಿದ. ಶೇಷಮ್ಮನ ಫೋನಿನ ಬ್ಯಾಟರಿಯನ್ನೇ ತೆಗೆದು ಹೊರಗೆ ಬಾವಿ ಚಪ್ಪಡಿ ಮೇಲಿಟ್ಟು ಬಂದ. ಖಾಲಿ ಫೋನನ್ನು ಅವಳು ಮಡಿಲಲ್ಲಿ ಇಟ್ಕೊಂಡಳು. ರೇಡಿಯೋ ಸೆಲ್ಲಿನದು, ಓಡ್ತಾನೇ ಇತ್ತು. ಪಕ್ಕದ ರೂಮಿನ ಟಿವಿ ಬಾಕ್ಸ್ ಆರಿಸಿದ... ಗುಂಯ್ ಅನ್ನೋದು ನಿಂತಿತು. ಮೇನ್ ಸ್ವಿಚ್ ಎಳೆದ... ಚಿರ್ರ್ ಅನ್ನೋದು ನಿಂತಿತು. ಕೊನೆಗೆ ಕಂಬದ ಬೀದಿದೀಪ. ರೇಡಿಯೋದಲ್ಲಿ ಬರೀ ಸ್ಸ್ಸ್... ಉಳೀತು.

ಕತ್ತಲು.

ಟಿಟ್ಟಿಟ್...

ಟಿಟ್ಟಿಟ್... ಟಿಟ್ಟಿಟ್...

ಶೇಷಮ್ಮ ಆ ಫೋನಿನ ಹಸಿರು ಬಟನ್ ಒತ್ತಿ ಕಿವಿಗೆ ಹಿಡಿದಳು. ಆ ಕ್ಷಣಕ್ಕೆ ರೇಡಿಯೋದ ಟಿಟ್ಟಿಟ್ ನಿಂತು ಒಂದೇ ಸಮ ಜುಂಯ್ಯ್... ಅಂತ ಶುರುವಾಯ್ತು. ಕಾಲ್ ಎತ್ತಿ ಮಾತಾಡ್ತಿದ್ರೆ ಬರುತ್ತಲ್ಲ, ಹಾಗೆ.

"ಯಪ್ಪಾ... ಬಸೂ... ಎತ್ತೀನೋ. ಅವತ್ ನನಗ ತಿಳೀಲಿಲ್ಲೋ. ಮಿಸ್ ಕಾಲ್ ಅನ್ಕೊಂಡೆ... ಭಾಳ ನೋವಾತೇನೋ?"

ಆಮೇಲೆ ಅವಳು ಫೋನು ಕಿವಿಗೊತ್ತಿ ಕೇಳ್ತಾ ಕೂತಳು. ಆ ಕಡೆ ಯಾರೋ ಮಾತಾಡ್ತಿರೋ ಹಾಗೆ. ನಡುನಡುವೆ "ಹೂಂ" ಅಂತಿದ್ದಳು. ಕತ್ತಲಲ್ಲಿ ಮುನಿರಾಜ ಗೋಡೆಗೆ ಅಂಟಿಕೊಂಡು ಅಳ್ತಾ ಇದ್ದ. ತುಂಬಾ ಹೊತ್ತು... ಕೊನೆಗೆ, "ಆತು ಯಪ್ಪಾ. ನೀ ಇಡು. ನಾ ಉಣ್ತೀನಿ" ಅಂದಳು.

ಜುಂಯ್ ನಿಂತಿತು. ಬರೀ ಸ್ಸ್ಸ್...

ಅವತ್ತು ಅವಳು ದೀಪ ಹಚ್ಚಿ ಎರಡು ರೊಟ್ಟಿ ತಿಂದಳು. ಆ ಸದ್ದು ಮತ್ತೆ ಬರಲಿಲ್ಲ. ಹಬ್ಬಕ್ಕೆ ಮುಂಚೆ ರೂಮು ಖಾಲಿ ಮಾಡಿ ಊರಿಗೆ ಹೋದಳು.

ಸುಳ್ಳು ಅಂತೀಯ? ಮುನಿರಾಜನೇ ನಮ್ಮೂರ ದೇವತೆ ಪಟಾಲಮ್ಮನ ಮೇಲೆ ಆಣೆ ಇಟ್ಟು ಹೇಳಿದ್ದು. ಅವಳು ಫೋನಲ್ಲಿ ಮಾತಾಡಿದ ಆ ರಾತ್ರಿ ಮೈ ಕೊರೆಯೋ ಚಳಿ. ಬಾವಿ ಚಪ್ಪಡಿ ಮುಟ್ಟಿದ್ರೆ ಕೈ ಜುಮ್ ಅನ್ನೋದು. ಫೋನಿಗೆ ಹಾಕಿಕೊಡೋಣ ಅಂತ ಅವನು ಹೊರಗೆ ಹೋಗಿ ಆ ಬ್ಯಾಟರಿ ಎತ್ಕೊಂಡ.

ಬಿಸಿಯಾಗಿತ್ತು.