ಇಮ್ಮಡಿ ಅಜ್ಜ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಅಕ್ಕ, ತಮ್ಮ ಕೂತಿದ್ದರು. ಒಳಗೆ ಅವರ ಅಪ್ಪನ ಕಣ್ಣಿನ ಪಟ್ಟಿ ಬಿಚ್ಚುತ್ತಿದ್ದರು.

"ಕಂಪ್ಯೂಟರಲ್ಲಿರೋ ಅಪ್ಪನ ಗೇಮ್ ಮುಟ್ಟಬೇಡ ಅಂತ ಅವರೇ ಹೇಳಿದ್ರಲ್ಲೋ."

"ಒಂದೇ ಒಂದು ಯುದ್ಧ ಆಡಿದೆ ಅಕ್ಕ. ರಾಜ ಸತ್ತುಹೋದ."

"ಅಜ್ಜನ ಹೆಸರಿಟ್ಟಿದ್ರಲ್ಲ, ಅವನಾ?"

"ಹ್ಞೂಂ. ವಂಶ ಅಳಿದಿಲ್ಲ, ಮಗ ಪಟ್ಟಕ್ಕೆ ಬಂದ. ನಮ್ಮ ಮನೆತನದ ಹೆಸರೇ ನಡೀತಿದೆ. ಅಪ್ಪಂಗೆ ಗೊತ್ತಾಗದಿರ್ಲಿ ಅಂತ ಅವನಿಗೂ ಅಜ್ಜನ ಹೆಸರೇ ಇಟ್ಟೆ."

"ಮತ್ತಿನ್ನೇನು?"

"ಅದೇ ಹೆಸರಿನವನು ಮತ್ತೆ ಪಟ್ಟಕ್ಕೆ ಬಂದ್ರೆ, ಗೇಮ್ ತಾನಾಗೇ 'ಎರಡನೆಯ' ಅಂತ ಸೇರಿಸತ್ತೆ. ಅಳಿಸೋಕಾಗಲ್ಲ."

"ಹಾಗಾದ್ರೆ ಈಗ ಇಮ್ಮಡಿ ಅಜ್ಜ."

"ನಗಬೇಡ ಅಕ್ಕ."

"ನಗ್ತಿಲ್ಲ ಕಣೋ. ಅಜ್ಜನ್ನ ಕೊನೇಗಾಲದಲ್ಲಿ ನೋಡ್ಕೊಳ್ಳೋಕಾಗ್ಲಿಲ್ಲ, ಈ ಗೇಮಿನ ಅಜ್ಜನ್ನಾದ್ರೂ ನೂರು ವರ್ಷ ಬದುಕಿಸ್ತೀನಿ ಅಂತಿದ್ರು ಅಪ್ಪ."

"ಗೊತ್ತು. ವಾರದಿಂದ ನಂಗೆ ಅನ್ನ ಸೇರ್ತಿಲ್ಲ."

ಬಾಗಿಲು ತೆರೆಯಿತು. ಅಪ್ಪ ಯಾರ ಕೈಯನ್ನೂ ಹಿಡಿಯದೆ ಹೊರಬಂದು, ಗೋಡೆಯ ಬೋರ್ಡಿನ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು.

"ಇರುವೆಯಂಥ ಅಕ್ಷರಾನೂ ಕಾಣತ್ತೆ ಕಣೋ. ನಡೀರಿ, ನಮ್ಮಪ್ಪ ಏನ್ಮಾಡ್ತಿದಾರೋ ನೋಡೋಣ."

ಅವರು ಆಗಲೇ ಮೆಟ್ಟಿಲಿಳಿಯುತ್ತಿದ್ದರು. ಅಕ್ಕ ಹಿಂದೆಯೇ ಹೋದಳು. ತಮ್ಮ ಬೆಂಚಿನ ಕೆಳಗೆ ಬಗ್ಗಿ ಚಪ್ಪಲಿ ಹುಡುಕಿದ. ಚಪ್ಪಲಿ ಕಾಲಲ್ಲೇ ಇತ್ತು.