ಬಾಗಿಲವರೆಗೂ ಬರಲಿಲ್ಲ

ಇಲ್ಲ ಮನಾಂಗ್ ಲುಡಿ, ಮಂಡಿ ನೋವು ಅಂತ ಹೇಳಿದ್ನಲ್ಲ ಅಕ್ಕಾ. ಅದಕ್ಕೇ ಏಳಲಿಲ್ಲ, ಅಷ್ಟೇ. ಒಬ್ಬಳು ಹುಡುಗಿ ಬಂದ್ಲು, ಅತ್ಲು, ಎದ್ದು ಹೋದ್ಲು. ನಾನು ಕುರ್ಚಿ ಬಿಟ್ಟು ಏಳಲಿಲ್ಲ... ಇದೂ ಒಂದು ವಿಷಯ ಅಂತ ನನ್ನ ಹಿಡಿದು ಕೂರಿಸ್ಕೊಂಡಿದೀರಾ? ಅಷ್ಟು ಹೊತ್ತು ಮೂಲೇಲಿ ಕೂತು ನೋಡಿದ್ರಿ, ಕೇಳೋಕೆ ಬೇರೆ ಏನೂ ಸಿಗಲಿಲ್ವಾ ನಿಮಗೆ?

ಹೌದು, ದಿನಾ ಏಳ್ತೀನಿ. ಒಪ್ಕೊಂಡೆ. ಬಂದವರನ್ನ ಬಾಗಿಲವರೆಗೆ ಬಿಟ್ಟು, ಮನೆಗೆ ಹೋಗೋ ಜೀಪ್ನಿ ಎಲ್ಲಿ ಸಿಗುತ್ತೆ ಅಂತಾನೂ ಹೇಳಿ ಬರೋಳು ನಾನು. "ಏನೇ ಮೆರ್ಲಿ, ನೀನು ಕೌನ್ಸೆಲರೋ ಮದುವೆಮನೆ ಯಜಮಾನಿನೋ" ಅಂತ ನೀವೇ ಎಲ್ಲರೆದುರು ಛೇಡಿಸಿದ್ರಿ. ಇವತ್ತು ಹೋಗಲಿಲ್ಲ. ಸುಸ್ತು. ಕೌನ್ಸೆಲರ್ ಆಗೋಕೆ ಹೊರಟವಳಿಗೆ ಸುಸ್ತೂ ಆಗಬಾರದಾ?

ಯಾಕೆ ನಗ್ತಿದೀರಿ? ನಗ್ತಿಲ್ವಾ... ಸರಿ ಬಿಡಿ.

ಬೆಳಿಗ್ಗೆ ಕೇಳಿದ್ರಿ, ಹೇಳಿದೀನಿ. ಎಲ್ಲರೂ ಸುತ್ತ ಕೂತು, ಇವತ್ತು ನನ್ನ ಮನಸ್ಸು ಹೀಗಿದೆ ಅಂತ ಒಬ್ಬೊಬ್ಬರೇ ಹೇಳಿದ್ವಲ್ಲ. ಚೆನ್ನಾಗಿದೀನಿ ಅಂದೆ. ರೊಹೇಲಿಯೊ, ಪಾಪ, ಹೆಂಡತಿ ಜೊತೆ ಜಗಳ ಆಯ್ತು ಅಂತ ನಿಜ ಹೇಳಿಬಿಟ್ಟ. ನೀವು ಅವನನ್ನ ಬಂದವರ ಹತ್ರಕ್ಕೂ ಬಿಡಲಿಲ್ಲ, ಕಾಫಿ ಕಾಸೋಕೆ ಅಡುಗೆಮನೆಗೆ ಅಟ್ಟಿದ್ರಿ. ಹಾಗಿದ್ಮೇಲೆ ಯಾರು ಹೇಳ್ತಾರೆ ಮನಾಂಗ್? ತರಬೇತಿ ಮುಗಿಯೋಕೆ ಇನ್ನೊಂದು ವಾರ. ಈಗ ನೀವು ಬೇಡ ಅಂದ್ರೆ ನಾನು ಮುಂದಿನ ವರ್ಷದವರ ಜೊತೆ ಮತ್ತೆ ಮೊದಲಿಂದ ಕೂರ್ಬೇಕು. ಓಟೋನ್ ಊರಿನ ಶಾಲೆಯವರು ಅಲ್ಲಿವರೆಗೆ ಕೌನ್ಸೆಲರ್ ಕೆಲಸ ನನಗೇ ಅಂತ ಇಟ್ಕೊಂಡಿರ್ತಾರಾ?

ಕೂದಲು? ಹ್ಞೂ, ಒದ್ದೆ. ಪಕ್ಕದ ಮನೆ ತಿಯಾ ಪುರಿಂಗ್ ಬಚ್ಚಲಲ್ಲಿ ಸ್ನಾನ ಮಾಡ್ಕೊಂಡು ಹಾಗೇ ಓಡಿ ಬಂದೆ. ನಮ್ಮನೆ ನಲ್ಲೀಲಿ ನೀರು ಬರ್ತಿಲ್ಲ. ಗೊತ್ತು, ನಿಮ್ಮ ಕಡೆಗೂ ಬರೋದು ಅದೇ ಟ್ಯಾಂಕಿನ ನೀರು, ನಿಮಗೆ ಬರ್ತಿದೆ. ಬರಲಿ. ನಮಗೆ ಬರ್ತಿಲ್ಲ.

ನೋಡಿ, ಈಗ ಸುಮ್ಮನಾದ್ರಿ.

ಈ ಪಾಠ ನೀವೇ ಮಾಡಿದ್ದು. ಎದುರಿಗಿರೋರು ಮಾತು ನಿಲ್ಲಿಸಿದ್ರೆ ಗಡಿಬಿಡಿ ಮಾಡ್ಬೇಡಿ, ಕಾಯಿರಿ, ಅವರಾಗೇ ಬಾಯಿ ಬಿಡ್ತಾರೆ ಅಂತ. ನನ್ನ ಮೇಲೇ ಪ್ರಯೋಗಾನಾ? ನಾನೂ ಕಲ್ತಿದೀನಿ. ನಾನೂ ಸುಮ್ಮನೆ ಕೂರ್ತೀನಿ, ನೋಡೋಣ ಯಾರು ಮೊದಲು...

ಆ ಹುಡುಗಿ ಅನಲಿನ್‌ಗೆ ನಾನು ಹಾಗೆ ಹೇಳಬಾರದಿತ್ತು, ಅದು ತಪ್ಪು. ಬೈರಿ, ಕೇಳ್ತೀನಿ. ಇಲ್ಲೇ ಆಚೆ ಗಿಮಾರಾಸ್ ದ್ವೀಪದಲ್ಲಿ ಅವಳ ಅಮ್ಮ ಇದ್ದಾಳೆ, ದೋಣಿ ಹತ್ತಿದ್ರೆ ಮನೆ. ಇಬ್ಬರಿಗೂ ಮಾತು ಬಿಟ್ಟು ಎಷ್ಟೋ ಕಾಲ ಆಗಿದೆ. ಯಾಕೆ ಬಿಟ್ಟೆ ಅಂತ ಅವಳು ನಿಧಾನವಾಗಿ ಹೇಳ್ತಾ ಬರ್ತಿದ್ಲು. ನಾನು ಮಧ್ಯದಲ್ಲೇ ಬಾಯಿ ಹಾಕಿ, ಇವತ್ತೇ ಫೋನ್ ಮಾಡು, ನಾಳೆ ಅನ್ನಬೇಡ ಅಂದುಬಿಟ್ಟೆ. ಬುದ್ಧಿವಾದ ಹೇಳೋಕೆ ನಾವ್ಯಾರು, ಅಲ್ವಾ? ಅದಕ್ಕೇ ಬೈರಿ ನನ್ನ. ಈ ಬಾಗಿಲ ವಿಷಯ ಬಿಟ್ಟುಬಿಡಿ.

ಯಾಕೆ ಕುರ್ಚಿ ಹತ್ರ ಎಳ್ಕೊಳ್ತಿದೀರಿ?

ಮನೇಲಿ ಯಾರು ಅಂತಾನೂ ಕೇಳ್ತಿಲ್ಲ... ಗೊತ್ತಾಗಿದೆ ನಿಮಗೆ. ಅವಳು ಎದ್ದು ಹೋಗಿ ನಾನು ಕೂತೇ ಇದ್ದೆನಲ್ಲ, ಆಗಲೇ ಗೊತ್ತಾಯ್ತು. ಸಾವಿನ ಮನೆಯವರು ಬಂದವರನ್ನ ಬಾಗಿಲವರೆಗೆ ಬಿಡೋಕೆ ಹೋಗಬಾರದು. ಹೆಣ ಇರೋವರೆಗೆ ಆ ಮನೇಲಿ ಸ್ನಾನಾನೂ ಮಾಡಬಾರದು. ಇದನ್ನೆಲ್ಲ ನಿಮ್ಮಂಥ ಹಿರಿಯರಿಗೆ ನಾನು ಹೇಳ್ಬೇಕಾ? ಬೇಕಂತ ಕೂತಿದ್ದಲ್ಲ ಮನಾಂಗ್. ರಜೆಯ ಮೂರು ದಿನವೂ ಮನೇಲಿ ಬಂದವರೆಲ್ಲ ತಾವೇ ಎದ್ದು ಹೋದ್ರು, ನಾನು ಕೂತೇ ಇದ್ದೆ. ಕಾಲಿಗೆ ಅದೇ ರೂಢಿ ಆಗಿಹೋಗಿದೆ. ಇಲ್ಲೂ ಏಳಲಿಲ್ಲ.

ಅಮ್ಮ.

ಹಜಾರದಲ್ಲಿ ಮಲಗಿಸಿದೀವಿ, ಪೆಟ್ಟಿಗೇಲಿ. ರಾತ್ರಿ ಹೆಣ ಕಾಯೋಕೆ ಬಂದವರಿಗೆ ಅಂಗಳದಲ್ಲಿ ಇಸ್ಪೀಟು, ಕಾಫಿ, ಬಿಸ್ಕತ್ತು. ತಮ್ಮ ಕತಾರ್‌ನಿಂದ ಬರೋವರೆಗೂ ಮಣ್ಣು ಮಾಡೋ ಹಾಗಿಲ್ಲ. ಪೆಟ್ಟಿಗೆ ಗಾಜಿನ ಮೇಲೆ ಕಣ್ಣೀರು ಬೀಳಿಸ್ಬೇಡ ಕಣೇ, ಅವಳಿಗೆ ಹೋಗೋ ದಾರಿ ಭಾರ ಆಗುತ್ತೆ ಅಂತ ತಿಯಾ ಪುರಿಂಗ್ ಮೊದಲ ದಿನವೇ ನನ್ನ ತೋಳು ಹಿಡ್ಕೊಂಡು ಹೇಳಿದ್ಲು. ಬೀಳಿಸಲಿಲ್ಲ ನಾನು, ಒಂದು ಹನೀನೂ. ನೀವು ಕಲಿಸಿದ್ದು ಎಷ್ಟು ಉಪಯೋಗಕ್ಕೆ ಬಂತು ಗೊತ್ತಾ? ಪಾದ ನೆಲಕ್ಕೆ ಊರಿ, ಉಸಿರು ನಿಧಾನಕ್ಕೆ ಬಿಡಿ... ನಮ್ಮಮ್ಮನ ಮುಖ ನೋಡ್ತಾ ಅದನ್ನೇ ಮಾಡಿದೆ. ಎಲ್ಲರೂ ಗಟ್ಟಿ ಹೆಂಗಸು ಅಂದ್ರು. ಆಮೇಲೆ ಬೇಕು ಅಂದ್ರೂ ಅಳು ಬರಲಿಲ್ಲ.

ಬೇಡ, ಕೈ ಹಿಡೀಬೇಡಿ. ಇನ್ನೂ ಇದೆ. ಸಾವಿನ ವಿಷಯ ಹೇಗಿದ್ರೂ ನಿಮಗೆ ಸಂಜೆಯೊಳಗೆ ಗೊತ್ತಾಗ್ತಿತ್ತು. ನಾನು ಮುಚ್ಚಿಟ್ಟಿದ್ದು ಅದಲ್ಲ.

ನಿನ್ನಮ್ಮನ ಕೈ ಹೇಗಿತ್ತು ಅಂತ ಅನಲಿನ್‌ನ ಕೇಳಿದೆನಲ್ಲ, ನೆನಪಿದೆಯಾ? ನೀವು ಮೂಲೇಲಿ ತಲೆ ಆಡಿಸಿದ್ರಿ, ಒಳ್ಳೇ ಪ್ರಶ್ನೆ ಅಂತ. ಅವಳಿಗೆ ಆ ಪ್ರಶ್ನೆ ಬೇಕಿರಲಿಲ್ಲ ಮನಾಂಗ್. ಅವಳು ಸಮಾಧಾನವಾಗೇ ಮಾತಾಡ್ತಿದ್ಲು. ಅವಳು ಅಳಲಿ ಅಂತಲೇ ಕೇಳಿದೆ. ಅತ್ಲು. ಬಿಕ್ಕಿ ಬಿಕ್ಕಿ ಅತ್ಲು ಹುಡುಗಿ. ನಾನು ಎದುರಿಗೆ ಕೂತು... ಅಬ್ಬ, ಕೊನೆಗೂ ಯಾರೋ ನಮ್ಮಮ್ಮನಿಗೋಸ್ಕರ ಅಳ್ತಿದಾರಲ್ಲ ಅಂತ ಹಾಯಾಗಿದ್ದೆ. ಅವಳು ಅಳು ನಿಲ್ಲಿಸಿದಾಗ ನನಗೆ ಸಿಟ್ಟು ಬಂತು.

ಹೊರಗೆ ಬೆಂಚಿನ ಮೇಲೆ ಇನ್ನೊಬ್ಬರು ಕಾಯ್ತಿದಾರೆ, ನನಗೋಸ್ಕರ. ನೀವು ಹೋಗು ಅಂತಾನೂ ಅನ್ನಲ್ಲ, ಬೇಡ ಅಂತಾನೂ ಅನ್ನಲ್ಲ. ನಾನೇ ಹೇಳ್ಬೇಕಾ?

ಬೇಡ ಮನಾಂಗ್. ನನ್ನ ಒಳಗೆ ಬಿಡ್ಬೇಡಿ. ಓಟೋನ್ ಕೆಲಸ ಹೋದ್ರೆ ಹೋಗಲಿ. ಯಾರೋ ಏನೋ, ಅವರ ಕಷ್ಟ ಯಾವುದೇ ಇರಲಿ, ನಾನು ಅವರನ್ನೂ ಕೈ ಹಿಡಿದು ನಮ್ಮಮ್ಮನ ಪೆಟ್ಟಿಗೆ ಹತ್ರಾನೇ ಕರ್ಕೊಂಡು ಹೋಗ್ತೀನಿ.