ಎಡಗೈಯ ಕತ್ತರಿ

ಅದಕ್ಕೇ ಹೇಳ್ತಿರೋದು, ಮೊದಲು ಕೂತ್ಕೋ. ಹೀಗೆ ಎದುರಿಗೆ ನಿಂತು ನೋಡ್ತಿದ್ರೆ ನಾನು ಏನಂತ ಮಾತಾಡ್ಲಿ? ಆ ಕುರ್ಚಿ ಬೇಡ, ಕಾಲು ಅಲ್ಲಾಡುತ್ತೆ... ಹ್ಞಾಂ, ಅಲ್ಲಿ.

ನಿನ್ನ ಪ್ರಮಾಣಪತ್ರ ಮೇಜಿನ ಮೇಲೇ ಇದೆ ನೋಡು. ನಿಂದೊಂದೇ ಉಳಿದಿರೋದು. ನಿನ್ನೆ ಸಮಾರೋಪಕ್ಕೆ ಯಾಕೆ ಬರ್ಲಿಲ್ಲ? ಬೇಸಿಗೆ ರಜೆ ಪೂರ್ತಿ ಈ ಪತ್ರಿಕಾ ಶಿಬಿರದಲ್ಲಿ ಕಳೆದು, ಮಕ್ಕಳೆಲ್ಲ ಸೇರಿ ನಾಲ್ಕು ಪುಟದ ಪುರವಣಿ ತಂದು, ಮೊದಲನೇ ಪುಟದಲ್ಲಿ ನಿನ್ನದೇ ವರದಿ... ನೀನೇ ಇಲ್ಲ ಅಂದ್ರೆ?

ಸರಿ, ಬಿಡು. ಚಿಕ್ಕಮ್ಮ ಹೇಗಿದ್ದಾರೆ? ಗೊತ್ತು, ಕೆಲಸದಿಂದ ತೆಗೆದ್ರು ಅಂತ ಗೊತ್ತು. ಅದನ್ನಲ್ಲ ಕೇಳಿದ್ದು. ಊಟಗೀಟ ಮಾಡ್ತಿದ್ದಾರಾ?

ಹಾಗೆ ನೋಡ್ಬೇಡ.

ನೀನು ಬರೆದಿದ್ದು ಸುಳ್ಳಲ್ಲ. ಗಾರ್ಮೆಂಟ್ ಫ್ಯಾಕ್ಟರಿ ಹಿಂಬಾಗಿಲಿಗೆ ಬೀಗ ಜಡಿದು ಮುನ್ನೂರು ಹೆಂಗಸರನ್ನ ಒಳಗೆ ಕೂರಿಸ್ತಾರೆ. ಬೆಂಕಿ ಬಿದ್ರೆ ಮುಗೀತು. ಮೂವತ್ತು ವರ್ಷ ಆಯ್ತು ನಾನು ಈ ಪತ್ರಿಕೆ ಆಫೀಸಿಗೆ ಬಂದು, ಯಾವ ವರದಿಗಾರನೂ ಇಂಥ ಸುದ್ದಿ ತಂದ್ಕೊಟ್ಟಿಲ್ಲ. ಹದಿನಾರು ವರ್ಷದ ನೀನು ತಂದ್ಕೊಟ್ಟೆ. ಅವತ್ತು ನಂಗೆ ಎಷ್ಟು ಖುಷಿಯಾಗಿತ್ತು ಅಂದ್ರೆ... ಇರ್ಲಿ.

ಬೀಗ? ಹೌದು, ಈಗಲೂ ಇದೆಯಂತೆ.

ಹೆಸರು ಹಾಕಲ್ಲ ಅಂತ ನೀನು ಚಿಕ್ಕಮ್ಮನಿಗೆ ಮಾತು ಕೊಟ್ಟಿದ್ದೆ, ನಿಜ. ಹಾಕಿಲ್ವಲ್ಲ? ಹೆಸರಿಲ್ಲ, ವಯಸ್ಸಿಲ್ಲ. ಬರೀ 'ಎಡಗೈಯಲ್ಲಿ ಕತ್ತರಿ ಹಿಡಿದು ದಾರ ಕತ್ತರಿಸುತ್ತಲೇ ಆಕೆ ಹೇಳಿದರು' ಅಂತ. ಅಷ್ಟೇ. ಒಳ್ಳೇ ಸಾಲು ಅದು. ಅದಿಲ್ದಿದ್ರೆ ಓದೋರಿಗೆ ಮನುಷ್ಯರೇ ಕಾಣಲ್ಲ. ಅಷ್ಟು ಜನದಲ್ಲಿ ಎಡಗೈಲಿ ಕತ್ತರಿ ಹಿಡಿಯೋರು ಒಬ್ಬರೇ ಅಂತ ಯಾರಿಗೆ ಗೊತ್ತಿತ್ತು?

...ಹೇಳಿದ್ದೆ. ಹೌದು, ಟೀ ಕುಡೀವಾಗ ನೀನೇ ಹೇಳಿದ್ದೆ, ನಗ್ತಾ. ಚಿಕ್ಕಮ್ಮನ ಕತ್ತರಿ ಬೇರೆ ಯಾರ ಕೈಗೂ ಒಗ್ಗಲ್ಲ, ಇಡೀ ಫ್ಯಾಕ್ಟರೀಲಿ ಕಳುವಾಗದ ಕತ್ತರಿ ಅದೊಂದೇ ಅಂತ.

ಹಾಗಾದ್ರೆ ಬರೆಯೋವಾಗ ನೀನೇ ಯೋಚಿಸ್ಬೇಕಿತ್ತು. ಸಂಪಾದಕರಿಗೂ ಅದನ್ನೇ ಹೇಳಿದೆ. ಚಿಕ್ಕ ಹುಡುಗಿ, ಉತ್ಸಾಹದಲ್ಲಿ ಬರೆದುಬಿಟ್ಟಿದ್ದಾಳೆ, ನನ್ನ ಕಣ್ತಪ್ಪಿತು ಅಂತ. ಅಷ್ಟರಲ್ಲೇ ಚಿಕ್ಕಮ್ಮನ ಫೋನೂ ಬಂತು. ಸಂಪಾದಕರು ಪಕ್ಕದಲ್ಲೇ ನಿಂತಿದ್ರು, ಚಿಕ್ಕಮ್ಮನಿಗೂ ಅದನ್ನೇ ಹೇಳಿದೆ, ಬೇರೆ ಏನು ಹೇಳೋಕಾಗುತ್ತೆ? ನಿಂಗೇನು, ಎರಡು ಮಾತು ಬೈತಾರೆ, ಮರೀತಾರೆ...

ಚಿಕ್ಕಮ್ಮ ನಿನ್ನ ಜೊತೆ ಮಾತೇ ಆಡ್ತಿಲ್ವಾ? ನಾಲ್ಕು ದಿನದಿಂದ?

ಅಮ್ಮ ಹೋದ ಮೇಲೆ ಸಾಕಿದ್ದು ಅವರೇ ಅಂತಿದ್ದೆ ನೀನು.

ಬ್ಯಾಗಿಂದ ಏನದು ತೆಗೀತಿದ್ದೀಯ? ...ಓ. ನಿನ್ನ ಕರಡು. ತಿದ್ದಿದ ಪ್ರತಿಯನ್ನ ಯಾವತ್ತೂ ಬಿಸಾಡ್ಬೇಡಿ ಅಂತ ಮೊದಲನೇ ದಿನ ಪಾಠ ಮಾಡಿದ್ದೆ. ಇಟ್ಕೊಂಡವಳು ನೀನೊಬ್ಬಳೇ ಇರ್ಬೇಕು.

ಬೆರಳಿಟ್ಟು ತೋರಿಸ್ಬೇಡ. ಗೊತ್ತು, ಮೂರನೇ ಪ್ಯಾರಾ. ನೀನು ಬರೆದಿದ್ದು 'ಅಲ್ಲಿನ ಮಹಿಳೆಯೊಬ್ಬರು ಹೇಳಿದರು' ಅಂತ. ಅದನ್ನ ಹೊಡೆದುಹಾಕಿ ಮೇಲೆ ಆ ಕತ್ತರಿ ಸಾಲು... ಕೆಂಪು ಇಂಕು ಈ ಆಫೀಸಲ್ಲಿ ನಾನೊಬ್ಬನೇ ಬಳಸೋದು.

ಸಾಲು ಸಪ್ಪೆಯಾಗಿತ್ತು ಪುಟ್ಟಾ. ಅಷ್ಟೇ. ಬರೆಯೋವಾಗ ನನ್ನ ತಲೇಲಿ ಚಿಕ್ಕಮ್ಮನೇ ಇರ್ಲಿಲ್ಲ, ಸಾಲು ಮಾತ್ರ ಇತ್ತು.

ಇದನ್ನ ಅವರಿಗೆ ತೋರಿಸ್ಬಾರ್ದಿತ್ತಾ? ...ಓದೋಕೆ ಬರಲ್ಲ. ಹೌದಲ್ಲ. ಬಾಯಲ್ಲಿ ಹೇಳಿದ್ರೆ ನಂಬಲ್ಲ. ಮೇಷ್ಟ್ರಂಥ ದೊಡ್ಡವರು ಯಾಕೆ ಸುಳ್ಳು ಹೇಳ್ತಾರೆ ಅಂತಾರೆ.

ಫೋನ್ ಯಾಕೆ ನನ್ನ ಕಡೆ ಹಿಡೀತೀಯ? ಯಾರಿಗೆ ಮಾಡ್ತಿದ್ದೀಯ, ಚಿಕ್ಕಮ್ಮನಿಗಾ... ಬೇಡ, ಇವತ್ತು ಬೇಡ. ನಾನೇ ಮನೆಗೆ ಬರ್ತೀನಿ, ಎದುರಿಗೆ ಕೂತು ಹೇಳ್ತೀನಿ... ರಿಂಗ್ ಆಗ್ತಿದೆ. ಸರಿ. ಕೊಡು.

ಹಲೋ... ನಮಸ್ಕಾರ ಅಮ್ಮಾ. ನಾನು, ಶಿಬಿರದ ಮೇಷ್ಟ್ರು. ಹೌದು, ಇಲ್ಲೇ ಇದ್ದಾಳೆ, ನನ್ನ ಮುಂದೇನೇ ಕೂತಿದ್ದಾಳೆ. ಅದು ಏನಂದ್ರೆ... ಆ ವರದಿ ಇದೆಯಲ್ಲ, ಅದರಲ್ಲಿ...

ಏನಿಲ್ಲ ಅಮ್ಮಾ. ಪ್ರಮಾಣಪತ್ರ ತಗೊಂಡು ಹೋಗೋಕೆ ಬಂದಿದ್ದಾಳೆ. ಅಷ್ಟೇ.